ಮೂಗಿನ ಚೀಲ

ಮಕ್ಕಳು ಲವಂಗವನ್ನು ಮೂಗಿನೊಳಗೆ ತುರುಕಿಕೊಳ್ಳಬಹುದಿತ್ತು. ಕರ್ಪೂರವನ್ನು ಕಲ್ಲುಸಕ್ಕರೆಯೆಂದು ನುಂಗಬಹುದಿತ್ತು. ಬೆಂಕಿಪೆಟ್ಟಿಗೆಯೊಂದರಲ್ಲಿ ಕಡ್ಡಿ ಉಳಿದುಬಿಟ್ಟು, ಮೊದಲು ಚೀಲ, ಆಮೇಲೆ ಚಾಪೆ, ಆಮೇಲೆ ಪತ್ರಿಕೆಗಳ ಕಟ್ಟು, ಹೀಗೆ ಇಡೀ ವಾಚನಾಲಯವೇ ಬೂದಿಯಾಗಬಹುದಿತ್ತು. ಒಣ ಸೆಟ್ಲಿಯ, ಎಂದರೆ ಸಿಗಡಿಯ, ವಾಸನೆಗೆ ಬೆಕ್ಕು ಬಂದು ಪುಸ್ತಕದ ಕಪಾಟಿನಲ್ಲಿ ಸಂಸಾರ ಹೂಡಬಹುದಿತ್ತು. ಮಳೆಗಾಲದಲ್ಲಿ ಬೂಸು ಹಿಡಿದು ಹನ್ನೆರಡು ಪೆಟ್ಟಿಗೆಗಳಿಗೂ ಒಂದೇ ವಾಸನೆ ಬರಬಹುದಿತ್ತು. ಒಂದು ಪೆಟ್ಟಿಗೆ ಕಳೆದು, ಕಮಿಟಿ ಸೇರಿ, ನನ್ನ ಕೆಲಸ ಹೋಗಬಹುದಿತ್ತು.

ಇಷ್ಟನ್ನೂ ನಾನು ಆಗ ಕಾಗದದಲ್ಲಿ ಬರೆದಿಟ್ಟಿದ್ದೆ. ಆಗ ನನಗೆ ಇಪ್ಪತ್ತೈದೂ ತುಂಬಿರಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಹೆದರುವುದಕ್ಕೆ ವಯಸ್ಸಾಗಬೇಕೆಂಬ ನಿಯಮವೇನಿಲ್ಲವಲ್ಲ. ಈಗೇಕೆ ಅದೆಲ್ಲ ನೆನಪಾಯಿತೆಂದರೆ, ಇವತ್ತು ಬೆಳಿಗ್ಗೆ ಸ್ಟೋವ್ ಹಚ್ಚಿ, ಖಾಲಿಯಾದ ಬೆಂಕಿಪೆಟ್ಟಿಗೆಯನ್ನು ಎಸೆಯುವ ಮೊದಲು ಮೂಸಿ ನೋಡಿದೆ. ಹೆಂಡತಿ ಕಂಡುಬಿಟ್ಟಳು. "ಎಂತ, ಅದೂ ಹಳಸಿತ್ತಾ?" ಎಂದಳು.

ಅದು ಸಾವಿರದ ಒಂಬೈನೂರ ಅರವತ್ತರ ಆಸುಪಾಸು. ಕುಮಟೆಯ ಒಂದು ಸಣ್ಣ ವಾಚನಾಲಯದಲ್ಲಿ ನಾನು ಪುಸ್ತಕ ಕೊಟ್ಟು ತೆಗೆದುಕೊಳ್ಳುವವನು. ದೊಡ್ಡ ಮಕ್ಕಳು ಕತೆಪುಸ್ತಕಕ್ಕೆ ಬರುವಾಗ ಬೆನ್ನಿಗೆ ತಮ್ಮ ತಂಗಿಯರನ್ನೂ ತರುತ್ತಿದ್ದರು. ಅಕ್ಷರ ಬಾರದ ಈ ಸಂತಾನ ಪತ್ರಿಕೆಯ ಅಂಚು ಜಗಿಯುತ್ತಿತ್ತು. ಓದಲು ಬಾರದವರಿಗೂ ವಾಚನಾಲಯದಲ್ಲಿ ಏನಾದರೂ ಇರಬೇಡವೇ ಎಂದು ನಾನು ಮೂರು ಚೀಲ ಹೊಲಿಸಿದೆ. ಕಿವಿಯ ಚೀಲದಲ್ಲಿ ಅಲುಗಾಡಿಸಿ ಗುರುತಿಸುವ ಡಬ್ಬಿಗಳು. ಬೆರಳಿನ ಚೀಲದಲ್ಲಿ ಕಣ್ಣು ಮುಚ್ಚಿ ಮುಟ್ಟುವ ಚಿಪ್ಪು, ಗರಿ, ತೆಂಗಿನ ನಾರು. ಮೂಗಿನ ಚೀಲದಲ್ಲಿ ಹನ್ನೆರಡು ಬೆಂಕಿಪೆಟ್ಟಿಗೆ: ಲವಂಗ, ಲಾವಂಚ, ಒಣಗಿದ ಸುರಗಿ ಹೂವು, ತಂಬಾಕು, ಹೀಗೆ. ಹನ್ನೊಂದನೆಯದರಲ್ಲಿ ಹತ್ತಿರದ ಬಾಡ ಎಂಬ ಊರಿನ ಕಡಲ ದಂಡೆಯಲ್ಲಿ ಹೆಕ್ಕಿ ತಂದ ಹಳೆ ಬಲೆಯ ಗೇಣುದ್ದದ ಹುರಿ. ಆಗೆಲ್ಲ ಹತ್ತಿಯ ಬಲೆ. ಬೇಗ ಕೊಳೆಯದಿರಲೆಂದು ಮರದ ತೊಗಟೆಯ ಕಷಾಯದಲ್ಲಿ ಅದ್ದುತ್ತಿದ್ದರು. ಒಗರು, ಉಪ್ಪು, ಮೀನು, ಬಿಸಿಲು ಎಲ್ಲ ಸೇರಿದ ಒಂದು ಕಂದು ವಾಸನೆ ಅದಕ್ಕೆ.

ಕಮಿಟಿಯ ಅಧ್ಯಕ್ಷರು ಹಳೆಯ ವಕೀಲರು, ಎಲ್ಲರಿಗೂ ರಾಯರು. ಅವರು ಪೆಟ್ಟಿಗೆಗಳನ್ನು ಒಂದೊಂದಾಗಿ ಮೂಸುತ್ತ ಬಂದು ಸೆಟ್ಲಿಯ ಬಳಿ ನಿಂತರು.

"ಎಂತದೋ ಇದು? ವಾಚನಾಲಯವೋ, ಮೀನುಪೇಟೆಯೋ?"

"ಒಂದೇ ಒಂದು ಸೆಟ್ಲಿ, ರಾಯರೆ. ಅದೂ ಒಣಗಿದ್ದು."

"ಒಣಗಿದ ಕೂಡ್ಲೆ ಅದು ಬದನೆಕಾಯಿ ಆಗ್ತದನೋ?"

ಆದರೂ ಒಪ್ಪಿದರು, ಒಂದು ಷರತ್ತಿನ ಮೇಲೆ. ಪ್ರತಿ ಚೀಲಕ್ಕೂ ಯಾದಿ ಇರಬೇಕು, ಮರಳಿ ಬಂದಾಗ ನಾನು ಒಂದೊಂದಕ್ಕೂ ಗುರುತು ಹಾಕಿ ಸಹಿ ಮಾಡಬೇಕು. ಒಂದು ಪೆಟ್ಟಿಗೆ ಕಡಿಮೆಯಾದರೂ ಚೀಲಗಳೆಲ್ಲ ಬಂದ್. ನನ್ನಂಥವನ ಕೈಗೆ ಯಾದಿ ಕೊಡುವುದು ಎಂಥ ತಪ್ಪೆಂದು ರಾಯರಿಗೆ ತಿಳಿಯಬೇಕಿತ್ತು.

ಚೀಲಗಳು ಶನಿವಾರ ಮನೆಗೆ ಹೋಗಿ ಮುಂದಿನ ಶನಿವಾರ ಬರುತ್ತಿದ್ದವು. ಒಮ್ಮೆ ಮೂಗಿನ ಚೀಲವನ್ನು ಗಂಗೆ ಎಂಬ ಆರು ವರ್ಷದ ಹುಡುಗಿ ಒಯ್ದಳು. ಅವಳ ತಾಯಿ ಮಾದೇವಿ ಅಕ್ಕಿ ಗಿರಣಿಯಲ್ಲಿ ಕೇರುವ ಕೆಲಸದವಳು. ಇಬ್ಬರೂ ಬಾಡದ ಕಡೆಯಿಂದ ಪೇಟೆಗೆ ಬಂದು ವರ್ಷವಾಗಿತ್ತು. ಯಾಕೆ ಬಂದರೆಂದು ನಾನು ಕೇಳಿರಲಿಲ್ಲ. ಯಾದಿಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಮರುಶನಿವಾರ ಗಂಗೆ ಚೀಲ ತಂದಿಟ್ಟಳು. ಎಣಿಸಿದೆ. ಹನ್ನೊಂದನೆಯದಿಲ್ಲ.

"ಇನ್ನೊಂದು ಎಲ್ಲಿ ಕೂಸೇ?"

"ಮನೆಲದೆ."

"ತಕಂಬಾ ಹಂಗಾರೆ."

ಅವಳು ನನ್ನನ್ನೂ ನನ್ನ ಪೆನ್ಸಿಲನ್ನೂ ನೋಡಿ ಹೊರಟುಹೋದಳು. ಅಂದು ಬರಲಿಲ್ಲ, ಮರುದಿನವೂ ಬರಲಿಲ್ಲ. ನಾನು ರಾಯರ ಎದುರು ಹೇಳಬೇಕಾದ ಮಾತುಗಳನ್ನು ಊಟದ ತಟ್ಟೆಯ ಮುಂದೆ ಅಭ್ಯಾಸ ಮಾಡಿದೆ.

ಮೂರನೆಯ ದಿನ ಮಾದೇವಿ ಬಂದಳು. ಗಿರಣಿಯಿಂದ ನೇರ ಬಂದದ್ದು, ಕೂದಲ ಮೇಲೆ ತೌಡಿನ ಧೂಳು. ಒಳಗೆ ಬರದೆ ಮೆಟ್ಟಿಲಲ್ಲೇ ನಿಂತು, ಸೊಂಟಕ್ಕೆ ಸಿಕ್ಕಿಸಿದ್ದ ಬೆಂಕಿಪೆಟ್ಟಿಗೆಯನ್ನು ತೆಗೆದಳು.

"ತಪ್ಪಾತು ಮಾಸ್ತರ್ರೆ." ನಾನು ಮಾಸ್ತರನಲ್ಲ, ಆದರೆ ಪುಸ್ತಕ ಹಿಡಿದವರೆಲ್ಲ ಅಲ್ಲಿ ಮಾಸ್ತರರೇ. "ಕದ್ದದ್ದಲ್ಲ ಅದು. ತಲೆದಿಂಬಿನ ಅಡಿಗೆ ಇಟ್ಕಂಡಿತ್ತು."

"ಎಂತಕ್ಕೆ?"

"ಅಪ್ಪನ ವಾಸ್ನೆ ಬತ್ತದೆ ಅಂತು." ಪೆಟ್ಟಿಗೆಯನ್ನು ಸೆರಗಿನಿಂದ ಒರೆಸಿದಳು. "ದೋಣಿ ಮಗುಚಿ ಹೋದ್ರು ಅವ್ರು. ಆಮೇಲೆ ನಾನು ಬಲೆಗಿಲೆ ಎಲ್ಲ ಕೊಟ್ಟಾಕಿ, ದಂಡೆಯೇ ಬ್ಯಾಡ ಅಂತ ಈ ಕೂಸು ಕಟ್ಕಂಡು ಇಲ್ಲಿಗೆ ಬಂದೆ. ನಾನೂ ಮೂಸಿ ನೋಡ್ದೆ ಮಾಸ್ತರ್ರೆ. ಹೌದು."

ಪೆಟ್ಟಿಗೆಯನ್ನು ಬಾಗಿಲಿಗೆ ತಾಗಿಯೇ ಇದ್ದ ನನ್ನ ಮೇಜಿನ ಅಂಚಿಗೆ ಇಟ್ಟಳು. "ನೋಡ್ಕಳಿ, ಈಗೆಲ್ಲ ಸರಿ ಆತಾ?"

ನಾನು ಕೈ ಚಾಚಿ ತೆಗೆದುಕೊಂಡೆ. ತೆರೆದು ನೋಡಿದೆ, ಹುರಿ ಇತ್ತು. ಯಾದಿಯಲ್ಲಿ ಹನ್ನೊಂದರ ಎದುರು ಗುರುತು ಹಾಕಿದೆ. ಅದೂ ಸಾಲದೆ, "ಇನ್ನು ಹಾಂಗೆ ಮಾಡೂದು ಬ್ಯಾಡ ಅಂತ ಹೇಳು" ಎಂದೆ.

"ಆತು" ಎಂದು ಅವಳು ಮೆಟ್ಟಿಲಿಳಿದಳು.

ಅವಳು ರಸ್ತೆ ದಾಟುವಷ್ಟರಲ್ಲಿ ನನಗೆ ಹೊಳೆಯಿತು. ಒಂದು ಬೆರಳುದ್ದ ಹುರಿಯನ್ನು ಕತ್ತರಿಸಿ ಕೊಡಬಹುದಿತ್ತು. ಯಾದಿಗೆ ಉದ್ದ ಗೊತ್ತಿರಲಿಲ್ಲ. ಪೂರ್ತಿಯೇ ಕೊಟ್ಟಿದ್ದರೂ ಬಾಡದ ದಂಡೆಯಲ್ಲಿ ಅಂಥದ್ದು ಕಾಲಿಗೆ ತೊಡರುವಷ್ಟಿತ್ತು. ಕೂಗಬೇಕೆಂದು ಎದ್ದೆ. ಓದುತ್ತ ಕುಳಿತವರು ತಲೆಯೆತ್ತಿ ನೋಡಿದರು. ಮತ್ತೆ ಕುಳಿತೆ.

ಮುಂದಿನ ಶನಿವಾರದೊಳಗೆ ಬಾಡಕ್ಕೆ ಹೋಗಿ ಮಾರುದ್ದದ ಹುರಿ ತಂದು ಮೇಜಿನ ಕೆಳಗೆ ಇಟ್ಟುಕೊಂಡೆ. ಗಂಗೆ ಬರಲಿಲ್ಲ. ಇನ್ನೆರಡು ಶನಿವಾರ ಕಾದು ಗಿರಣಿಯಲ್ಲಿ ವಿಚಾರಿಸಿದರೆ, ಮಾದೇವಿ ಕಾಯ್ಕಿಣಿಯಲ್ಲಿರುವ ಅಣ್ಣನ ಮನೆಗೆ ಹೋದಳೆಂದರು. ಭಟ್ಕಳದ ಬಸ್ಸು ಹತ್ತಿದ್ದರೆ ಆಗುತ್ತಿತ್ತು. ಬಸ್ಸು ತಪ್ಪಿದರೆ, ಮನೆ ಸಿಗದಿದ್ದರೆ, ಸಿಕ್ಕಿ ಅವಳಣ್ಣ ಯಾರು ನೀನು ಎಂದರೆ, ಎಂದು ಎಣಿಸುತ್ತ ಆ ಬೇಸಿಗೆಯೂ ಕಳೆಯಿತು.

ಈಗ ದಂಡೆಯ ತುಂಬ ನೈಲಾನು ಬಲೆ. ಮೂಸಿದರೆ ಅಂಗಡಿಯ ವಾಸನೆ. ಬೇಕೆಂದರೂ ಆ ಕಂದು ಹುರಿ ಯಾರಿಗೂ ಸಿಗುವುದಿಲ್ಲ. ಪಕ್ಕದ ಮನೆಯ ಮಕ್ಕಳು ನಮ್ಮಲ್ಲಿಂದ ಏನಾದರೂ ಒಯ್ದರೆ ನಾನು ಕೇಳಲು ಹೋಗುವುದಿಲ್ಲ. ನನ್ನ ಟಾರ್ಚು, ಇವಳ ಸಣ್ಣ ಕತ್ತರಿ, ಎರಡು ಚೊಂಬು ಹೀಗೆ ಹೋದವು. "ಮರೆವು ಶುರುವಾತು ನಿಮಗೆ" ಎನ್ನುತ್ತಾಳೆ ಹೆಂಡತಿ. ಹೌದೆನ್ನುತ್ತೇನೆ.

ನಾನು ಹೆದರಿದ್ದರಲ್ಲಿ ಒಂದೂ ಆಗಲಿಲ್ಲ. ಬೆಂಕಿ ಬೀಳಲಿಲ್ಲ, ಯಾರೂ ಕರ್ಪೂರ ನುಂಗಲಿಲ್ಲ, ಬೆಕ್ಕು ಬಂದರೂ ಸೆಟ್ಲಿಯನ್ನು ಮೂಸಿ ಬೇಡವೆಂದು ಹೋಯಿತು. ವರ್ಷದ ಕೊನೆಗೆ ರಾಯರು ಯಾದಿ ನೋಡಿ ನನ್ನ ಬೆನ್ನು ತಟ್ಟಿದರು. ಹನ್ನೆರಡು ಪೆಟ್ಟಿಗೆ ಹೊರಗೆ ಹೋಗಿದ್ದವು, ಹನ್ನೆರಡೂ ವಾಪಸು ಬಂದವು. ತಪ್ಪಾದದ್ದು ಅದೊಂದೇ.