ರವದಿಗೆ ಬೆಂಕಿ ಇಡುವ ಶಿಸ್ತು

ಕಬ್ಬು ಕಟಾವಾದ ಮರುದಿನ ರವದಿಗೆ ಬೆಂಕಿ ಇಡಬೇಕು. ಎಂಬತ್ತರ ದಶಕದಲ್ಲಿ ಉಗಾರದ ಸುತ್ತಮುತ್ತ ಇದನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ; ನಾನಂತೂ ವೇಳೆಯನ್ನೂ ಗೊತ್ತುಮಾಡಿಕೊಂಡಿದ್ದೆ. ಶಾಲೆ ಬಿಟ್ಟು ಬಂದು ಐದಕ್ಕೆ ಕಡ್ಡಿ ಗೀರಿದರೆ, ಒಣಗಿದ ಕಬ್ಬಿನ ಎಲೆಯೆಲ್ಲ ಅರ್ಧ ಗಂಟೆಯಲ್ಲಿ ಬೂದಿ. ಸೂರ್ಯ ಮುಳುಗುವುದರೊಳಗೆ ಕೈಕಾಲು ತೊಳೆದು ಊಟಕ್ಕೆ ಕೂರುತ್ತಿದ್ದೆ. ನಾವು ಜೈನರು, ಕತ್ತಲಾದ ಮೇಲೆ ಉಂಡರೆ ತುತ್ತಿನೊಡನೆ ಹುಳ ಹೋದೀತೆಂಬ ಭಯ. ಹೊಲದಲ್ಲಿ ಆಗತಾನೆ ಸುಟ್ಟುಬಂದ ಹುಳಗಳು ಆ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಅಣ್ಣನ ಪಾಲಿನ ಹೊಲ ನನ್ನದಕ್ಕೆ ಹೊಂದಿಕೊಂಡಿತ್ತು. ಅವನು ಕಾರ್ಖಾನೆಯ ಪಾಳಿಯಲ್ಲಿರುತ್ತಿದ್ದುದರಿಂದ ಅದನ್ನು ನೋಡಿಕೊಳ್ಳುತ್ತಿದ್ದವರು ಅವನ ಹೆಂಡತಿ, ನಮ್ಮ ವೈನಿ. ಒಂದು ವರ್ಷ ಅವರು ಬೆಂಕಿ ಬೇಡವೆಂದು, ಮತ್ತೆ ಚಿಗುರುವ ಕುಳೆಯ ಸಾಲುಗಳ ನಡುವೆ ರವದಿಯನ್ನು ಹಾಸತೊಡಗಿದರು.

"ವೈನಿ, ಹೊಲಾ ಮಾಡಾಕತ್ತೀರೋ, ಹಾಸಿಗಿ ಹಾಸಾಕತ್ತೀರೋ?" ಎಂದೆ.

"ಬಿಸಲಾಗ ನೀ ಛತ್ರಿ ಹಿಡಕೊಂಡು ಸಾಲಿಗಿ ಹೋಗ್ತಿ. ನೆಲಾ ಏನ್ ಹಿಡಕೋಬೇಕೋ ತಮ್ಮಾ? ಕುಡಿಯೂ ನೀರಿಗಿ ಅರಿವಿ ಕಟ್ಟಿ ಸೋಸ್ತಿ, ಹುಳಾ ಸಾಯ್ತಾವಂತ. ಇಲ್ಲಿ ಮಾತ್ರ ಕಡ್ಡಿ ಗೀರ್ತಿ."

ನಾನು ಮಾಸ್ತರ. ಪ್ರಶ್ನೆ ಕೇಳುವುದು ನನ್ನ ಕೆಲಸ. ಕೇಳಿಸಿಕೊಳ್ಳುವುದಲ್ಲ. ಐದಕ್ಕೆ ಸರಿಯಾಗಿ ಕಡ್ಡಿ ಗೀರಿದೆ. ನನ್ನ ಹೊಲ ಒರೆಸಿದ ಕರಿಹಲಗೆಯಂತೆ ಚೊಕ್ಕಟವಾಯಿತು. ಅವರದು ತಿಪ್ಪೆ. ಈಗ ಪೇಟೆಯ ಸಭೆಗಳಲ್ಲಿ ರವದಿ ಹಾಸುವುದನ್ನೇ ನಿಸರ್ಗ ಕೊಟ್ಟ ಪರಿಹಾರವೆಂದು ಶಾಲು ಹೊದಿಸಿ ಹೊಗಳುತ್ತಾರೆ. ಆಗ ನಾವು ಅದಕ್ಕಿಟ್ಟ ಹೆಸರು ಮೈಗಳ್ಳತನ.

ಆ ಬೇಸಿಗೆಯಲ್ಲಿ ಕೃಷ್ಣೆಯ ತಳ ಕಂಡಿತು. ಹೊಳೆಯ ಪಂಪುಗಳು ನಿಂತವು. ಹದಿನೈದು ದಿನಕ್ಕೆ ನನ್ನ ಚೊಕ್ಕಟ ನೆಲ ಕೈ ಹೋಗುವಷ್ಟು ಬಿರಿಯಿತು. ಕುಳೆಯ ಎಲೆ ಹಳದಿಯಾಗಿ ಸುರುಳಿ ಸುತ್ತಿತು. ಬದುವಿನಾಚೆ ವೈನಿಯ ಕಬ್ಬು ಹಸಿರಾಗಿಯೇ ನಿಂತಿತ್ತು. ಯಾರೂ ಇಲ್ಲದ್ದು ನೋಡಿ ಅವರ ರವದಿ ಸರಿಸಿ ಮಣ್ಣು ಮುಟ್ಟಿದೆ. ತಣ್ಣಗಿತ್ತು.

ಕುಳೆ ಸತ್ತರೆ ಒಂದು ವರ್ಷದ ಬೆಳೆಯೇ ಹೋದಂತೆ. ಮಾನ ಬದಿಗಿಟ್ಟೆ. "ವೈನಿ, ಒಂದ್ ಚಕ್ಕಡಿ ರವದಿ ಕೊಡ್ರಿ."

"ನೆಲಾ ಹೊದ್ದಕೊಂಡಿದ್ದನ್ನ ಎಳದು ಕೊಡ್ಲೇನು? ಕೆಳಗಿನ ಹೊಲದಾಗ ನಿನ್ನಿ ಕಟಾವು ಮುಗದೈತಿ. ಬೆಂಕಿ ಇಡೂದ್ರಾಗ ಹೋಗಿ ಬೇಡು."

ಕೆಳಗಿನ ಹೊಲದವನು ನನ್ನ ಹಳೆಯ ವಿದ್ಯಾರ್ಥಿ. ಚಕ್ಕಡಿ ಹೂಡಿಕೊಂಡು ಬಂದ ನನ್ನನ್ನು ನೋಡಿ ಹಲ್ಲು ಬಿಟ್ಟ.

"ಮಾಸ್ತರ್ರ, ಕಸಾ ಬೇಡಾಕ ಬಂದೀರೇನ್ರಿ? ಹೊಲಾ ಚೊಕ್ಕ ಇಡ್ರಲೇ ಅಂತ ನಮ್ಮ ಕಿವಿ ಹಿಂಡಿದವ್ರು ನೀವಲ್ರಿ?"

"ತಪ್ಪ ಕಲಿಸೀನಿ. ಈಗ ಗಾಡಿ ತುಂಬಲೇ."

ಮೂರು ಚಕ್ಕಡಿ ತಂದೆ. ಹಾಸುವಾಗಲೂ ಅಂಚು ನೇರ ಮಾಡುತ್ತ ಕೂತಿದ್ದೆ, ವೈನಿ ಬದುವಿನ ಮೇಲಿಂದ ಕೂಗಿದರು: "ನೆಟ್ಟಗಿರೂದು ಬ್ಯಾಡ, ದಪ್ಪ ಇರಲಿ!"

ಮಳೆ ಬರುವ ಹೊತ್ತಿಗೆ ಅರ್ಧ ಹೊಲದ ಕುಳೆ ಉಳಿದಿತ್ತು. ಇನ್ನರ್ಧ ಸತ್ತಿತ್ತು. ಅದನ್ನು ಕಿತ್ತು ಹೊಸ ಬೀಜದ ಕಬ್ಬು ಊರುವ ದಿನ ವೈನಿ ತಾವಾಗಿಯೇ ಬಂದು ಸಾಲು ಹಿಡಿದರು. ಸಂಜೆಯವರೆಗೂ ಒಂದು ಚುಚ್ಚುಮಾತಾಡಲಿಲ್ಲ. ಬೈದಿದ್ದರೆ ಹಿತವಾಗಿರುತ್ತಿತ್ತು.