ರೊಟ್ಟಿಯ ಪದರಿನೊಳಗೆ

ಆಗೆಲ್ಲ ನಮ್ಮ ಯರಗುಪ್ಪಿಯಲ್ಲಿ ಎಳ್ಳಮಾವಾಸ್ಯೆಗೆ ಬುಟ್ಟಿ ಹೊತ್ತು ಹೊಲಕ್ಕೆ ಹೋಗದ ಮನೆಯೇ ಇರಲಿಲ್ಲ. ದಾರಿಯುದ್ದಕ್ಕೂ ಕಡಲೆಗಿಡದ ಹುಳಿ ಕಾಲಿಗೆ ಹತ್ತುತ್ತಿತ್ತು. ತಂದ ಅಡುಗೆಯನ್ನು ಭೂಮಿತಾಯಿಗೆ ಚರಗ ಚೆಲ್ಲಿ, ಜೋಳದ ಬೆಳೆಯ ನಡುವೆ ಎಲ್ಲರೂ ಉಣ್ಣಲು ಕೂಡುತ್ತಿದ್ದೆವು.

ನನ್ನ ತಮ್ಮ ಬಸ್ಯಾನಿಗೆ ಮಾತ್ರ ಆ ಊಟ ಶಿಕ್ಷೆ. ಬೆಣ್ಣೆ ಸವರಿದ ಮೆತ್ತನೆಯ ರೊಟ್ಟಿ ಬಿಟ್ಟರೆ ಅವನು ಏನನ್ನೂ ತಿನ್ನುತ್ತಿರಲಿಲ್ಲ. ಪಲ್ಲೆಯ ವಾಸನೆಗೇ ಓಕರಿಸುತ್ತಿದ್ದ. ಮನೆಯಲ್ಲಿ ಅಪ್ಪ ಅವನ ಮೂಗು ಹಿಡಿದು ಬಾಯಿಗೆ ತುರುಕುತ್ತಿದ್ದರು. ಕೈ ಅದುಮಿ ಹಿಡಿಯುವ ಕೆಲಸ ನನ್ನದು. ಆದರೂ ರೊಟ್ಟಿ ಮುರಿಸಿಕೊಳ್ಳಲು ಅವನು ಬರುತ್ತಿದ್ದುದು ನನ್ನ ಹತ್ತಿರವೇ.

ಆ ವರ್ಷ ಹೊಲದಲ್ಲಿ ಕಾಕಾ ಕೆಣಕಿದರು: "ಏನಲೇ ಬಸ್ಯಾ, ಅರಮನ್ಯಾಗ ಹುಟ್ಟಬೇಕಾಗಿತ್ತೇನ ನೀ? ಇವನ ಬಾಯಾಗ ಬದನಿಕಾಯಿ ಹಾಕಿದಾವಗ ನನ್ನ ಪಾಲಿನ ಹೋಳಿಗಿ!"

ನನಗೆ ಹೋಳಿಗೆ ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಎಲ್ಲರೂ ನಗುವುದು ಬೇಕಿತ್ತು. ರೊಟ್ಟಿಯ ಪದರು ಬಿಡಿಸಿ, ಒಳಗೆ ಬದನೆಕಾಯಿ ಹಿಸುಕಿ ಸವರಿ, ಮೇಲೆ ಬೆಣ್ಣೆ ಹಚ್ಚಿ ಕೊಟ್ಟೆ.

"ಬರೇ ಬೆಣ್ಣಿ ಹೌದಿಲ್ಲೋ ಅಣ್ಣಾ?"

"ನಿನ್ನಾಣಿ."

ಕಚ್ಚಿದ. ಅವನ ಕಣ್ಣು ನನ್ನ ಮೇಲೆಯೇ ನಿಂತವು. ಉಗುಳದಂತೆ ನಾನು ಅಂಗೈಯಿಂದ ಬಾಯಿ ಮುಚ್ಚಿ, "ನುಂಗಲೇ!" ಎಂದೆ. ವಾಂತಿ ನನ್ನ ಬೆರಳ ಸಂದಿಯಿಂದ ಇಳಿಯಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಹಬ್ಬದ ಊಟ ಕೆಡಿಸಿದನೆಂದು ಅಪ್ಪ ಅವನಿಗೇ ಬಾರಿಸಿದರು. ನಾನು ಕೈ ತೊಳೆದು ಹೋಳಿಗೆ ತಿಂದೆ. ರುಚಿಯಾಗಿತ್ತು.

ಮರುದಿನದಿಂದ ಬಸ್ಯಾ ರೊಟ್ಟಿಯನ್ನೂ ಬಿಟ್ಟ. ಉಳಿದದ್ದು ಹಾಲೊಂದೇ. ಅವ್ವ ರೊಟ್ಟಿಯ ಪದರು ಬಿಡಿಸಿ ತೋರಿಸಿ, "ನೋಡೋ ನನ್ನಪ್ಪಾ, ಏನೂ ಇಲ್ಲೋ" ಎಂದು ಅಳುತ್ತಿದ್ದಳು. ಅವನು ಮುಖ ತಿರುಗಿಸುತ್ತಿದ್ದ. ಬೇಸಿಗೆಯ ಹೊತ್ತಿಗೆ ಅವನ ಪಕ್ಕೆಲುಬು ಎದ್ದು ಕಾಣುತ್ತಿದ್ದವು. ಆಣೆ ಇಟ್ಟು ನಂಬಿಸಿದ್ದೆನೆಂದು ನಾನು ಬಾಯಿ ಬಿಡಲಿಲ್ಲ. ಹಟಮಾರಿ ಎಂದು ಅವನೇ ಬೈಸಿಕೊಂಡ.

ಈಚೆಗೆ ನನ್ನ ಮೊಮ್ಮಗಳಿಗೂ ಅದೇ ತೊಂದರೆ. ಹುಬ್ಬಳ್ಳಿಯ ಡಾಕ್ಟರಮ್ಮ ಹೇಳಿದರು: "ಇದು ಹಟ ಅಲ್ರೀ ಅಜ್ಜಾರ. ಆ ವಾಸನಿ, ಆ ಲೋಳಿ ಕೂಸಿಗೆ ಖರೇನ ತಡಿಯಂಗಿಲ್ಲ. ನಂಬಿ ತಿನ್ನೂದ್ರಾಗ ಬ್ಯಾರೇದು ಮುಚ್ಚಿ ಕೊಡಬ್ಯಾಡ್ರಿ, ಅದನ್ನೂ ಬಿಟ್ಟುಬಿಡ್ತಾವು."



ನಮ್ಮ ಬಸ್ಯಾ, ಬಸವರಾಜ, ಈಗ ಸಂಶಿಯಲ್ಲಿ ಮಗಳ ಮನೆಯಲ್ಲಿದ್ದಾನೆ. ಅಲ್ಲಿ ಮೊಸರನ್ನ ಉಣ್ಣುತ್ತಾನೆ, ನೆರೆಯವರು ಕೊಟ್ಟರೆ ಚುರುಮರಿ ತಿನ್ನುತ್ತಾನೆ. ನಮ್ಮಲ್ಲಿಗೆ ಬಂದಾಗ ನನ್ನ ಹೆಂಡತಿ ತಾಟು ಇಟ್ಟರೆ, "ಉಂಡ ಬಂದೇನ್ರಿ ವೈನಿ" ಎನ್ನುತ್ತಾನೆ. ಅವಳಿಗೆ ಅದು ಸೊಕ್ಕೆನಿಸುತ್ತದೆ. ಅಲ್ಲವೆಂದು ಹೇಳಲು ನನ್ನಿಂದ ಆಗಿಲ್ಲ. ಇಷ್ಟು ವರ್ಷಗಳಲ್ಲಿ ನನ್ನ ತಮ್ಮ ನನ್ನ ಮನೆಯಲ್ಲಿ ಒಂದು ತುತ್ತೂ ಉಂಡಿಲ್ಲ.