ಮಂಗಳವಾರದ ಬಟಾಣಿ ಸಾರು

ಸ್ವೀಡನ್ನಿನ ನಮ್ಮೂರಲ್ಲಿ ಪಕ್ಕದ ಮನೆಯ ಅಲ್ವಾರ್ ಮೂವತ್ತೆಂಟು ವರ್ಷ ಅಂಚೆ ಹಂಚಿ ನಿವೃತ್ತನಾದವನು. ಸುಮ್ಮನೆ ಕೂರಲಾಗದೆ ಊರಿನವರಿಗೆಲ್ಲ ಫೋನಿನಲ್ಲಿ ಒಂದು ಗುಂಪು ತೆರೆದ. ಎರಡು ಸಾವಿರ ಮಂದಿ ಸೇರಿದರು. ಕಳೆದುಹೋದ ಬೆಕ್ಕು, ಮಾರಾಟದ ಸೋಫಾ, ಯಾರ ನಾಯಿ ಯಾರ ಬಾಗಿಲಲ್ಲಿ ಗಲೀಜು ಮಾಡಿತು, ಎಲ್ಲವೂ ಅಲ್ಲಿ. ಯಾರು ಏನು ಬರೆದರೂ ಅಲ್ವಾರನದು ಒಂದೇ ರಾಗ: ತಾನು ಅಂಚೆಯವನು, ಕಾಗದದೊಳಗೆ ಇರುವುದಕ್ಕೆ ಹೊಣೆಯಲ್ಲ. ಅವನ ಬೇಲಿ ಸೊಟ್ಟಗಿದೆಯೆಂದು ನಾನು ಬರೆದದ್ದು ಮಾತ್ರ ಹತ್ತೇ ನಿಮಿಷದಲ್ಲಿ ಮಾಯವಾಯಿತು.

ಮಾರ್ಚಿನಲ್ಲಿ ಹೆಸರು ಮರೆಸಿಕೊಂಡ ಯಾರೋ, ಶಿಶುವಿಹಾರದ ಅಡುಗೆಯ ಗುನ್ವೋರ್ ಮಂಗಳವಾರ ಬಡಿಸಿದ ಬಟಾಣಿ ಸಾರಿನಲ್ಲಿ ಹುಳು ಇತ್ತೆಂದು ಬರೆದರು. ಮಂಗಳವಾರವಂತೆ. ಸ್ವೀಡನ್ನಿನ ಯಾವ ಅಡುಗೆಯವಳೂ ಗುರುವಾರ ಬಿಟ್ಟು ಬೇರೆ ದಿನ ಬಟಾಣಿ ಸಾರು ಮಾಡುವುದಿಲ್ಲ. ಹುಟ್ಟಿದಂದಿನಿಂದ ಗುರುವಾರ ಗುರುವಾರ ಅದನ್ನೇ ಉಂಡು ಬೆಳೆದ ಊರು, ಒಬ್ಬರ ತಲೆಗಾದರೂ ಹೊಳೆಯಬೇಡವೇ? ಇನ್ನೂರು ಮಂದಿ ಛೀ ಥೂ ಎಂದರು. ತನಿಖೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡ ಎಂದು ಪುರಸಭೆ ಗುನ್ವೋರಳನ್ನು ಮನೆಗೆ ಕಳಿಸಿತು. ಇಪ್ಪತ್ತೆರಡು ವರ್ಷದ ಕೆಲಸ ಅದು.

ನಾಲ್ಕನೆಯ ದಿನ ಆಕೆ ಅಲ್ವಾರನ ಮನೆಗೆ ಬಂದಳು. ಕಾಫಿಗೆಂದು ಹೋಗಿದ್ದ ನಾನೂ ಅಲ್ಲಿದ್ದೆ. ಬಾಗಿಲಲ್ಲಿ ಬೂಟು ಕಳಚಿಟ್ಟು, ಕಾಲುಚೀಲದಲ್ಲೇ ನಿಂತು, ಆ ಹುಳುವಿನ ಸುದ್ದಿಯನ್ನು ಗುಂಪಿನಿಂದ ತೆಗೆದುಹಾಕು ಎಂದು ಕೇಳಿದಳು. ಅಲ್ವಾರ್ ಬನ್ನು ಮುಂದಿಟ್ಟು ತನ್ನ ಅಂಚೆಯ ಪುರಾಣ ಬಿಚ್ಚಿದ.

"ನಾನು ಅದನ್ನ ಓದೇ ಇಲ್ಲ, ಗುನ್ವೋರ್. ಅಂಚೆಯವನು ಕಾಗದ ಒಡೆದು ಓದ್ತಾನಾ?"

ಗುನ್ವೋರ್ ಫೋನು ತೆಗೆದು ತೋರಿಸಿದಳು. ಗುಂಪಿನ ತುತ್ತತುದಿಯಲ್ಲಿ, ಎಲ್ಲರ ಕಣ್ಣಿಗೆ ಬೀಳುವಂತೆ, ಆ ಹುಳುವಿನ ಸುದ್ದಿಯೇ ಕೂತಿತ್ತು. ಹಾಗೆ ಕೂರಿಸುವ ಅಧಿಕಾರ ಇದ್ದದ್ದು ಅಲ್ವಾರನೊಬ್ಬನಿಗೆ.

"ಓದ್ದೇ ಇರೋ ಕಾಗದಾನ ಯಾವ ಅಂಚೆಯವನಪ್ಪಾ ಊರಿನ ತಲೆ ಮೇಲೆ ಮೆತ್ತೋದು?" ಎಂದಳು.

ಜನ ಓದುತ್ತಿದ್ದರು, ಗುಂಪಿಗೆ ಹೊಸಬರು ಸೇರುತ್ತಿದ್ದರು, ಅದಕ್ಕೆ ಅಂತ ಅಲ್ವಾರ್ ಗೊಣಗಿದ. ಮುಖ ಕೆಂಪಾಗಿತ್ತು. ಆಮೇಲೆ ಬೆರಳಲ್ಲಿ ಒಮ್ಮೆ ಒತ್ತಿದ, ಅಷ್ಟೇ, ಹೋಯಿತು. ನಾಲ್ಕು ದಿನದಿಂದ ಆಗದ ಘನಕಾರ್ಯ. ಅರ್ಧ ತಿಂದ ಬನ್ನನ್ನು ನಾನು ತಟ್ಟೆಗೇ ವಾಪಸಿಟ್ಟೆ.

ಹುಳವೂ ಇಲ್ಲ, ಗಿಳವೂ ಇಲ್ಲ ಎಂದು ತನಿಖೆಯಾಗಿ ಎರಡು ವಾರಕ್ಕೆ ಗುನ್ವೋರ್ ಕೆಲಸಕ್ಕೆ ಮರಳಿದಳು. ನಮ್ಮಲ್ಲಿ ಶಿಶುವಿಹಾರದಲ್ಲೇ ಎಲ್ಲರಿಗೂ ಊಟ ಬಡಿಸುತ್ತಾರೆ, ಯಾವ ಮಗುವೂ ಮನೆಯಿಂದ ತರುವುದಿಲ್ಲ. ಆ ದಿನ ಮೂರು ಮಕ್ಕಳ ಮುಂದೆ ಡಬ್ಬಿಗಳಿದ್ದವು. ಅದರಲ್ಲೊಂದು ಅಲ್ವಾರನ ಮೊಮ್ಮಗಳದು.